ಶನಿವಾರದ ಕರಿಯ

(ಬೆಂಗಳೂರಿನ ಒಂದು ನಾಯಿಧಾಮ. ಶನಿವಾರ.)

“ಕರಿದೊಂದು ಬಿಟ್ಟು ಯಾವುದಾದ್ರೂ ತೋರಿಸಮ್ಮ.”

“ಕರಿಯ ತುಂಬ ಸಾಧು ಸಾರ್.”

“ಫೋಟೋದಲ್ಲಿ ಬರೀ ಎರಡು ಕಣ್ಣು, ಒಂದು ನಾಲಿಗೆ ಇತ್ತಲ್ಲ, ಅದಾ?”

“ಅದು ಬಿಳಿ ಗೋಡೆ ಮುಂದೆ ತೆಗೆದಿದ್ದು. ಈಗ ನೋಡಿ: ಮರದ ನೆರಳಲ್ಲಿ ಕೂರಿಸಿ, ಕೊರಳಿಗೆ ಹಳದಿ ಕರ್ಚೀಫು ಕಟ್ಟಿ, ಮೊಬೈಲಲ್ಲಿ ಮುಖದ ಮೇಲೆ ಬೆರಳೊತ್ತಿ ಬೆಳಕು ಸರಿ ಮಾಡಿದ್ವಿ. ಮೀಸೆನೂ ಕಾಣುತ್ತೆ.”

“ಮೀಸೆ ಸರಿ. ಮನೆಯವಳು ಅಪಶಕುನ ಅಂತಾಳೆ.”

“ಕಾಲಭೈರವನ ವಾಹನ ಸಾರ್!”

“ಗುಡಿಯಲ್ಲಾದ್ರೆ ಕೈ ಮುಗೀತೀವಿ. ಸೋಫಾ ಮೇಲೆ ಹೆಂಗಮ್ಮ?”

“ಕೈಯಲ್ಲೇನು ಡಬ್ಬಿ?”

“ಎಳ್ಳೆಣ್ಣೆ ಸವರಿದ ಚಪಾತಿ. ನಂಗೆ ಸಾಡೇಸಾತಿ. ಪ್ರತಿ ಶನಿವಾರ ಕರಿನಾಯಿಗೇ ಹಾಕಬೇಕಂತೆ, ಜೋಯಿಸರು ಹೇಳಿದ್ದಾರೆ.”

(ಜೋಯಿಸರ ಮನೆಯಲ್ಲಿರುವುದು ಬಿಳಿ ಪೊಮೇರಿಯನ್. ಅದು ಬೇರೆ ಮಾತು.)

“ಏಳೂವರೆ ವರ್ಷ ಪ್ರತಿ ವಾರ ಬರ್ತೀರಾ? ಈ ಟ್ರಾಫಿಕ್‌ನಲ್ಲಿ?”

“…ಪೆಟ್ರೋಲ್ ಬೇರೆ.”

“ಮನೇಲೇ ಇದ್ರೆ ಚಪಾತಿ ಖರ್ಚಷ್ಟೇ.”

“ದತ್ತು ಫಾರಂ ಎಲ್ಲಿ ಕೊಡ್ತೀರಮ್ಮ?”