ನಮ್ಮೂರ ನಲಿಕಲಿ ಮೇಡಂ

ಲಗ್ನಪತ್ರಿಕೆ ಕೊಡಲು ಹೋದರೆ ನಲಿಕಲಿ ಮೇಡಂ ವಧೂವರರ ಹೆಸರು ಓದುವುದಿಲ್ಲ. ಕಾಗದ ದಪ್ಪಗಿದೆಯೇ ಎಂದು ಬೆರಳಲ್ಲಿ ಮಡಚಿ ನೋಡುತ್ತಾರೆ. "ಇನ್ನೊಂದಿಷ್ಟು ಉಳಿದ್ರೆ ಕೊಡ್ರೀ, ಮದುವೆ ಆದ್ಮೇಲಾದ್ರೂ ಪರವಾಗಿಲ್ಲ." ಹಿಂಬದಿ ಖಾಲಿಯಿದ್ದರೆ ಒಂದು ಪತ್ರಿಕೆಗೆ ನಾಲ್ಕು ಮಿಂಚುಪಟ್ಟಿ, ಅಂದರೆ ಫ್ಲ್ಯಾಶ್ ಕಾರ್ಡ್. ಅವರ ತರಗತಿಯಲ್ಲಿ 'ಬೆಕ್ಕು' ಓದುವ ಮಗು ಪಟ್ಟಿ ತಿರುಗಿಸಿದರೆ 'ಶ್ರೀ ಗಣೇಶಾಯ ನಮಃ'.

ಬೈಯುವಂತಿಲ್ಲ ಬಿಡಿ. ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ಒಬ್ಬೊಬ್ಬರು ಕಲಿಕಾ ಏಣಿಯ ಒಂದೊಂದು ಮೆಟ್ಟಿಲಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ನಲಿಯುತ್ತ ಕಲಿಯುವ ಈ ನಲಿಕಲಿ ಪದ್ಧತಿ ಶುರುವಾದಾಗಿನಿಂದ ಮಾತು ಒಂದೇ: ಪ್ರತಿ ಮಗುವಿಗೂ ಅದರದೇ ವೇಗ. ವೇಗ ಮಗುವಿನದು, ಕತ್ತರಿ, ಗೋಂದು, ನಿದ್ದೆಗೆಟ್ಟ ಕಣ್ಣು ಮೇಡಂದು. ನಲಿಕಲಿಯಲ್ಲಿ ಅಕ್ಷರ 'ಅ'ದಿಂದ ಶುರುವಾಗುವುದಿಲ್ಲ. ರ, ಗ, ಸ, ದ ಆದಮೇಲೆ ಅ. "ಇದ್ಯಾವ ಸೀಮೆ ವರ್ಣಮಾಲೆ?" ಎಂದು ಜಗಳಕ್ಕೆ ಬಂದ ಅಜ್ಜನನ್ನೂ ಮೇಡಂ ಚಾಪೆ ಮೇಲೆ ಕೂರಿಸಿ 'ರ' ತಿದ್ದಿಸಿ ಕಳಿಸಿದ್ದಾರೆ.

ಮನೆಯಲ್ಲಿ ಯಜಮಾನರು ಟಿವಿ ಮುಂದೆ ಕೂತು ತರಗತಿಯ ಎಣಿಕೆಗೆ ಹುಣಸೆಬೀಜವನ್ನು ನೂರು ನೂರರ ಪೊಟ್ಟಣ ಕಟ್ಟಬೇಕು. ವಿಕೆಟ್ ಬಿದ್ದು ಎಣಿಕೆ ತಪ್ಪಿದರೂ ಮೇಡಂ ಸಿಟ್ಟಾಗುವುದಿಲ್ಲ. "ಹತ್ತರ ಗುಂಪು ಮಾಡ್ಕೊಳ್ರೀ, ಅವಸರ ಇಲ್ಲ" ಎಂದು ಒಂದು ಮೆಟ್ಟಿಲು ಇಳಿಸುತ್ತಾರೆ, ಅಷ್ಟೇ.

ಒಂದೇ ಲೆಕ್ಕಕ್ಕೆ ಮೂರು ಬಗೆ ಪಟ್ಟಿ: ಬೀಜ ಎಣಿಸಿ ಕೂಡುವವನಿಗೆ ಒಂದು, ದಶಕ ತೆಗೆದುಕೊಂಡು ಕೂಡುವವಳಿಗೆ ಇನ್ನೊಂದು, ತಾನೇ ಲೆಕ್ಕ ಕಟ್ಟುವ ಜಾಣೆಗೆ ಮತ್ತೊಂದು. ಪದಗಳಲ್ಲೂ ಹಾಗೆಯೇ. ಚಿಕ್ಕವರಿಗೆ 'ಸರ', ಆಮೇಲೆ ಗುಣಿತದ 'ಗಿಳಿ', ದೊಡ್ಡವರಿಗೆ ಒತ್ತಕ್ಷರ. ಉಕ್ತಲೇಖನದಲ್ಲಿ 'ಬೆಕು' ಬರೆಯುವವರಿಗೆಂದೇ ಒತ್ತುಗಳನ್ನು ಕೆಂಪು ರಟ್ಟಿನಲ್ಲಿ ಬೇರೆ ಕತ್ತರಿಸಿದ್ದಾರೆ. ಕೈಯಾರೆ ಅಕ್ಷರದ ಕಾಲಬುಡಕ್ಕೆ ಇಡಬೇಕು.

ಯಾವ ಪಟ್ಟಿಗೂ ಸಿಗದವನು ತರಕಾರಿ ಮಾರುವವರ ಮಗ. ಮೂವತ್ತೇಳು ಬರಿ ಅಂದರೆ 307. ಪಾಪ, ಕಿವಿಗೆ ಬಿದ್ದದ್ದನ್ನೇ ಬರೆದಿದ್ದಾನೆ: ಮೂವತ್ತು, ಆಮೇಲೆ ಏಳು. ಮೇಡಂ ಕಡ್ಡಿಕಟ್ಟು ಕೊಟ್ಟು ಕೆಳಗಿನ ಮೆಟ್ಟಿಲಿಗೆ ಕಳಿಸಿದರು. ಭಾನುವಾರದ ಸಂತೆಯಲ್ಲಿ ನೋಡಿದರೆ ಅಪ್ಪನ ಪಕ್ಕ ಅವನೇ.

"ಬೀನ್ಸ್ ಹದಿನೈದು, ಟೊಮೇಟೊ ಹನ್ನೆರಡು, ಸೊಪ್ಪು ಹತ್ತು. ಮೂವತ್ತೇಳು ಮಿಸ್. ನೂರು ಕೊಟ್ರಿ, ತಗೊಳ್ಳಿ ಅರವತ್ತಮೂರು."

ಆ ರಾತ್ರಿ ಮೇಡಂ ಮಲಗಲಿಲ್ಲ. ಸೋಮವಾರ ಅವನಿಗೆಂದೇ ನಾಲ್ಕನೇ ಬಗೆಯ ಪಟ್ಟಿ ಸಿದ್ಧ: ತರಕಾರಿಯ ಬಣ್ಣದ ಚಿತ್ರ, ಪಕ್ಕದಲ್ಲಿ ಬೆಲೆ, ಕೆಳಗೆ ಬಿಡಿ-ಹತ್ತರ ಮನೆ. ಹುಡುಗ ತಿರುಗಿಸಿ ಮುರುಗಿಸಿ ನೋಡಿದ.

"ಮಿಸ್, ಬೀನ್ಸ್ ರೇಟು ಇಳಿದಿದೆ."