ಪರ್ಮಿಷನ್ ಡಿನೈಡ್ ಮೀಮಾಂಸೆ

ಪೀಠಿಕೆ

ಸರ್ವರ್‌ಗೆ ಹೊಸಬನೊಬ್ಬ ಲಾಗಿನ್ ಆಗಲು ಹೋಗಿ, ಆಗದೆ, ಬಾಗಿಲಲ್ಲೇ ನಿಲ್ಲುವ ಪ್ರಸಂಗವನ್ನು ನಮ್ಮ ಆಲಂಕಾರಿಕರು ಕೈಗೆತ್ತಿಕೊಂಡಿಲ್ಲ. ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರವಿದೆ, ಪರ್ವತವಿದೆ, ಚಂದ್ರೋದಯವಿದೆ, ಜಲಕ್ರೀಡೆಯೂ ಇದೆ, ಲಾಗಿನ್ ಇಲ್ಲ. ಈ ಕೊರತೆಯನ್ನು ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಲೇಖಕನ ಅರ್ಹತೆಯನ್ನು ಯಾರಾದರೂ ಪ್ರಶ್ನಿಸಿದರೆ, ಒಂದು ಸೋಮವಾರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದೂವರೆಯ ತನಕ ಆತ ಈ ವಿಷಯದಲ್ಲಿ ಕ್ಷೇತ್ರಕಾರ್ಯ ನಡೆಸಿದ್ದಾನೆ. ಡಬ್ಬಿಯ ಚಿತ್ರಾನ್ನ ತಣ್ಣಗಾದದ್ದಕ್ಕೆ ಸಾಕ್ಷಿಗಳಿದ್ದಾರೆ.

ಕ್ಷೇತ್ರ: ಬೆಂಗಳೂರಿನ ಒಂದು ಕಚೇರಿ. ಪಾತ್ರವರ್ಗ: ಅಂದೇ ಕೆಲಸಕ್ಕೆ ಸೇರಿದ ಹುಡುಗ, ಸರ್ವರಿನ ಮಟ್ಟಿಗೆ ಅವನ ಹೆಸರು 'ಹೊಸಬ'; ರೂಟ್ ಎಂಬ ಪರಮಾಧಿಕಾರವುಳ್ಳ ಪ್ರಸ್ತುತ ಲೇಖಕ; ಲೇಖಕನ ಕುರ್ಚಿಯ ಹಿಂದೆ ಬಂದು ನಿಂತ ಮೂವರು ವಿದ್ವಾಂಸರು. ಅವರನ್ನು ಯಾರೂ ಕರೆದಿರಲಿಲ್ಲ.

1. ಕಾಲದೇಶ ವಿಚಾರ

ಯಾವ ಕೃತಿಯ ಚರ್ಚೆಯನ್ನೂ ಕವಿಕಾಲದಿಂದ ಆರಂಭಿಸುವುದು ನಮ್ಮಲ್ಲಿ ವಾಡಿಕೆ. ಅಲ್ಲೇ ಮುಗಿಸುವುದೂ ಉಂಟು. ಈ ಲಾಗಿನ್ನನ್ನು ನಡೆಸುವ ಎಸ್‌ಎಸ್‌ಎಚ್ ವಿಷಯದಲ್ಲಿ ಅಂಥ ಜಗಳಕ್ಕೆ ಅವಕಾಶವಿಲ್ಲದಿರುವುದು ಸಂಶೋಧಕರ ದುರದೃಷ್ಟ. ಕರ್ತೃ ಟಾಟು ಯುಲೋನೆನ್, ದೇಶ ಫಿನ್‌ಲ್ಯಾಂಡ್, ಕಾಲ 1995. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದಾಲಿಸಿ ಪಾಸ್‌ವರ್ಡುಗಳನ್ನು ಹೊತ್ತೊಯ್ದ ಮೇಲೆ ಆತ ಇದನ್ನು ಬರೆದ. ಅಲ್ಲಿಯ ತನಕ ಚಾಲ್ತಿಯಲ್ಲಿದ್ದ ಟೆಲ್ನೆಟ್ಟು ಪಾಸ್‌ವರ್ಡನ್ನು ಮುಚ್ಚುಮರೆಯಿಲ್ಲದೆ ತಂತಿಗೆ ಏರಿಸುತ್ತಿತ್ತು. ಸಿಟಿ ಬಸ್ಸಿನಲ್ಲಿ ನಿಂತು ಎಟಿಎಂ ಪಿನ್ನನ್ನು ಫೋನಿನಲ್ಲಿ ಕೂಗಿ ಹೇಳಿದ ಹಾಗೆ.

ಎಫ್‌ಟಿಪಿಯ ಬಾಗಿಲು, ಅಂದರೆ ಪೋರ್ಟ್, 21, ಟೆಲ್ನೆಟ್ಟಿನದು 23. ನಡುವಿನ 22 ಖಾಲಿ ಇತ್ತು. ಅಂಕೆ ಹಂಚುವ ಐಯಾನಾದವರಿಗೆ ಯುಲೋನೆನ್ ಒಂದು ಇಮೇಲ್ ಬರೆದು ಅದನ್ನು ಕೇಳಿದ, ಕೊಟ್ಟರು. ಬೆಂಗಳೂರಿನಲ್ಲಿ ಎರಡು ಮನೆಗಳ ನಡುವಿನ ಸೈಟು ಒಂದೇ ಕಾಗದಕ್ಕೆ ಸಿಕ್ಕ ನಿದರ್ಶನ ಲೇಖಕನ ಗಮನಕ್ಕೆ ಬಂದಿಲ್ಲ. 1999ರಲ್ಲಿ ಓಪನ್‌ಬಿಎಸ್‌ಡಿ ಬಳಗದವರು ಇದರ ಪರಿಷ್ಕೃತ ಪಾಠವನ್ನು ಓಪನ್‌ಎಸ್‌ಎಸ್‌ಎಚ್ ಎಂಬ ಹೆಸರಿನಲ್ಲಿ ಹೊರತಂದರು. ಇಂದು ಲಿನಕ್ಸ್ ಸರ್ವರುಗಳ ಬಾಗಿಲು ಕಾಯುವುದು ಸಾಮಾನ್ಯವಾಗಿ ಇದೇ.

2. ವ್ಯಾಕರಣ ವಿಚಾರ

ಹೊಸಬನನ್ನು ಸೇರಿಸಿಕೊಳ್ಳಲು ಡೆಬಿಯನ್, ಉಬುಂಟು ಪರಂಪರೆಯಲ್ಲಿ ಎರಡು ಕಮಾಂಡುಗಳಿವೆ: 'ಯೂಸರ್‌ಆ್ಯಡ್' ಮತ್ತು 'ಆ್ಯಡ್‌ಯೂಸರ್'. ಮೊದಲನೆಯದರಲ್ಲಿ ಕರ್ಮಪದ ಮುಂದೆ, ಕ್ರಿಯಾಪದ ಹಿಂದೆ. ಇದು ಅಪ್ಪಟ ಕನ್ನಡದ ವಾಕ್ಯಕ್ರಮ. ಎರಡನೆಯದು ಇಂಗ್ಲಿಷಿನ ಕ್ರಮ. ಆದ್ದರಿಂದ ಯೂಸರ್‌ಆ್ಯಡ್ ಮೂಲತಃ ದ್ರಾವಿಡವೆಂದು ಸಾಧಿಸಬಹುದು. ಮುಂದೊಂದು ವಿಚಾರ ಸಂಕಿರಣಕ್ಕೆ ಬೇಕಾದೀತೆಂದು ಲೇಖಕ ಅದನ್ನು ಇಲ್ಲಿ ಖರ್ಚು ಮಾಡಿಲ್ಲ.

ಸ್ವಭಾವದಲ್ಲೂ ಇವು ಬೇರೆ ಬೇರೆ. ಆ್ಯಡ್‌ಯೂಸರ್ ಹೆಣ್ಣಿನ ಕಡೆಯ ಹಿರಿಯರಂತೆ ಕೂರಿಸಿಕೊಂಡು ವಿಚಾರಿಸುತ್ತದೆ: ಪಾಸ್‌ವರ್ಡ್ ಏನು, ಪೂರ್ತಿ ಹೆಸರೇನು, ರೂಮ್ ನಂಬರ್ ಎಷ್ಟು, ಆಫೀಸಿನ ಫೋನ್, ಮನೆಯ ಫೋನ್. ರೂಮ್ ನಂಬರ್ ಯಾಕಪ್ಪಾ ಎಂದು ಕೇಳುವವರಿಲ್ಲ. ಎಂಟರ್ ಒತ್ತಿ ಮುಂದೆ ಹೋಗುತ್ತಾರೆ. ಹೋಮ್ ಡೈರೆಕ್ಟರಿ ಎಂಬ ಮನೆಯನ್ನೂ ಅದೇ ಕಟ್ಟಿ, ಹುಡುಗನ ಹೆಸರಿಗೇ ಖಾತೆ ಮಾಡಿಸಿ ಕೊಡುತ್ತದೆ. ಯೂಸರ್‌ಆ್ಯಡ್ ಮಿತಭಾಷಿ. ಹೆಸರು ಬರೆದುಕೊಂಡು ಸುಮ್ಮನಾಗುತ್ತದೆ. 'ಎಂ' ಪ್ರತ್ಯಯ ಹಚ್ಚದಿದ್ದರೆ ಈ ಪರಂಪರೆಯಲ್ಲಿ ಮನೆಯನ್ನೂ ಕಟ್ಟುವುದಿಲ್ಲ. ಪಾಸ್‌ವರ್ಡಿನ ಸುದ್ದಿಯನ್ನಂತೂ ಎತ್ತುವುದೇ ಇಲ್ಲ. 'ಶ್ಯಾಡೋ' ಎಂಬ ಕಡತದಲ್ಲಿ ಪಾಸ್‌ವರ್ಡ್ ಇರಬೇಕಾದ ಕಡೆ ಒಂದು ಆಶ್ಚರ್ಯಸೂಚಕ ಚಿಹ್ನೆ ಇಡುತ್ತದೆ. ಅದಿರುವ ತನಕ ಯಾವ ಪಾಸ್‌ವರ್ಡ್ ಹೊಡೆದರೂ ಹೊಂದುವುದಿಲ್ಲ. ನಮ್ಮ ಕಾವ್ಯದಲ್ಲಿ ಆಶ್ಚರ್ಯಸೂಚಕದ ಬಳಕೆ ಹೇರಳವಾಗಿದ್ದರೂ ಅದಕ್ಕೆ ಇಷ್ಟು ಶಕ್ತಿ ಎಂದೂ ಬಂದದ್ದಿಲ್ಲ.

ಪಾಸ್‌ವರ್ಡಿನ ಹೆಸರನ್ನೇ ಹೊತ್ತ ಇನ್ನೊಂದು ಕಡತವಿದೆ. ಸಾಲಿಗೆ ಏಳು ಅಂಗ, ನಡುವೆ ಆರು ವಿಸರ್ಗ. ಹೆಸರು, ಸಂಖ್ಯೆ, ಗುಂಪು, ವಿವರ, ಮನೆ, ಶೆಲ್ ಎಲ್ಲವೂ ಅಲ್ಲುಂಟು. ಪಾಸ್‌ವರ್ಡ್ ಮಾತ್ರ ಇಲ್ಲ, ಆ ಜಾಗದಲ್ಲಿ ಒಂದು 'ಎಕ್ಸ್'. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ.

ಪ್ರಸ್ತುತ ಲೇಖಕ ಅಂದು ಬಳಸಿದ್ದು ಯೂಸರ್‌ಆ್ಯಡ್. 'ಎಂ' ಇಲ್ಲದೆ.

3. ಪಾಠಾಂತರ ವಿಚಾರ

ಬಾಗಿಲಲ್ಲಿ ಸಿಗುವ ಉತ್ತರಕ್ಕೆ ಮುಖ್ಯವಾಗಿ ಮೂರು ಪಾಠಗಳು. 'ಕನೆಕ್ಷನ್ ಟೈಮ್ಡ್ ಔಟ್': ಬಡಿದದ್ದು ಯಾರಿಗೂ ಕೇಳಿಸಿಲ್ಲ, ವಿಳಾಸ ತಪ್ಪು, ಇಲ್ಲವೇ ದಾರಿಯಲ್ಲೇ ಯಾರೋ ನುಂಗಿದ್ದಾರೆ. 'ಕನೆಕ್ಷನ್ ರೆಫ್ಯೂಸ್ಡ್': ಮನೆ ಇದೆ, ಆ ಅಂಕೆಯ ಬಾಗಿಲಲ್ಲಿ ಕಾವಲುಗಾರ ಇಲ್ಲ. 'ಪರ್ಮಿಷನ್ ಡಿನೈಡ್': ಕಾವಲುಗಾರ ಇದ್ದಾನೆ, ಎಚ್ಚರವಾಗಿದ್ದಾನೆ, ನಿಮ್ಮನ್ನು ನೋಡಿದ್ದಾನೆ, ಬೇಡ ಎಂದಿದ್ದಾನೆ. ಹೊಸಬನ ಪರದೆಯ ಮೇಲೆ ಬಂದದ್ದು ಮೂರನೆಯ ಪಾಠ. ಆತ ಲೇಖಕನಿಗೆ ಒಪ್ಪಿಸಿದ್ದು ಮಾತ್ರ ನಾಲ್ಕನೆಯ ಒಂದು ಅಪಪಾಠ: "ಸಾರ್, ಆಗ್ತಿಲ್ಲ."

ಬೇಡ ಏಕೆ ಎಂದು ಕಾವಲುಗಾರ ಹೇಳುವುದಿಲ್ಲ. ಇದು ಸೊಕ್ಕಲ್ಲ, ಶಾಸ್ತ್ರ. ಪಾಸ್‌ವರ್ಡ್ ಒಪ್ಪುವ ಸರ್ವರಿನಲ್ಲಿ ಇಲ್ಲದ ಹೆಸರು ಹೇಳಿ ನೋಡಿ, ಆಗಲೂ ಆತ ಗಂಭೀರವಾಗಿ ಪಾಸ್‌ವರ್ಡ್ ಕೇಳುತ್ತಾನೆ. ಇರುವ ಹೆಸರಿಗೆ ತಪ್ಪು ಪಾಸ್‌ವರ್ಡ್ ಕೊಟ್ಟರೆ ಉತ್ತರ ಅದೇ. ಪಾಸ್‌ವರ್ಡ್ ಸರಿಯಿದ್ದೂ 'ಅಲೋಯೂಸರ್ಸ್' ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿದ್ದರೆ ಆಗಲೂ ಅದೇ. "ಆ ಹೆಸರಿನವರು ಇಲ್ಲಿಲ್ಲ" ಎಂದು ಆತ ಬಾಯಿಬಿಟ್ಟರೆ, ಯಾರು ಇದ್ದಾರೆಂಬುದನ್ನು ಕಳ್ಳ ಒಂದೊಂದೇ ಹೆಸರು ಎಸೆದು ಪತ್ತೆ ಮಾಡಿಯಾನು. ವೈಕುಂಠದ ಬಾಗಿಲಲ್ಲಿ ಜಯವಿಜಯರು ಸನಕಾದಿಗಳನ್ನು ಹುಡುಗರೆಂದು ತಡೆದು, ಶಾಪ ತಿಂದು, ಮೂರು ಜನ್ಮ ಎತ್ತಿದರು. ನಮ್ಮ ಕಾವಲುಗಾರ ಮುಖ ನೋಡಿ ಮಣೆ ಹಾಕುವವನಲ್ಲ. ಋಷಿಗೂ ಕಳ್ಳನಿಗೂ ಮರೆಗುಳಿಗೂ ಒಂದೇ ಮಾತು. ಕಾರಣವನ್ನು ಮಾತ್ರ ಒಳಗೆ ತನ್ನ ದಿನಚರಿಯಲ್ಲಿ ಬರೆದಿಡುತ್ತಾನೆ.

ಪ್ರಬಂಧದ ಮರ್ಮ ಇಷ್ಟೇ. ಆದರೆ ಮರ್ಮವನ್ನು ಮೂರನೆಯ ಅಧ್ಯಾಯದಲ್ಲೇ ಒಪ್ಪಿಕೊಂಡರೆ ಪಿಎಚ್‌.ಡಿ. ಸಿಗುವುದಿಲ್ಲವಾದ್ದರಿಂದ ಮುಂದುವರಿಯೋಣ.

4. ಪೂರ್ವಪಕ್ಷ

ಮೊದಲನೆಯವರು ಪಾಸ್‌ವರ್ಡ್‌ವಾದಿಗಳು. ಕ್ಯಾಪ್ಸ್ ಲಾಕ್ ಒತ್ತಿದೆ, ಕೀಬೋರ್ಡು ಕನ್ನಡದಲ್ಲೇ ಉಳಿದಿದೆ, ಹುಡುಗ ಗಾಬರಿಯಲ್ಲಿದ್ದಾನೆ ಎಂಬ ಮೂರು ಹೇತುಗಳನ್ನು ಇವರು ಮುಂದಿಟ್ಟರು. ಇಪ್ಪತ್ತು ನಿಮಿಷ ನಡೆದ ಈ ವಾದದಲ್ಲಿ ಒಂದೇ ಊನ: ಸರ್ವರ್ ಪಾಸ್‌ವರ್ಡನ್ನೇ ಕೇಳಿರಲಿಲ್ಲ. 'ಪರ್ಮಿಷನ್ ಡಿನೈಡ್' ಎಂಬುದರ ಮುಂದೆ ಕಂಸದೊಳಗೆ 'ಪಬ್ಲಿಕ್‌ಕೀ' ಎಂಬ ಒಂದೇ ಪದವಿತ್ತು. ಈ ಬಾಗಿಲಲ್ಲಿ ಯಾವ ನಾಣ್ಯ ನಡೆಯುತ್ತದೆ ಎಂಬುದರ ಪಟ್ಟಿ ಅದು. ಕೀಲಿ ಮಾತ್ರ ನಡೆಯುತ್ತದೆ, ಪಾಸ್‌ವರ್ಡ್ ನಡೆಯದು ಎಂದು ಅದರರ್ಥ. ಕಂಸದೊಳಗಿನದನ್ನು ಓದದಿರುವುದು ವಿದ್ವಾಂಸರಲ್ಲಿ ಹಳೆಯ ಚಾಳಿ.

ಎರಡನೆಯವರು ಅಗ್ನಿಭಿತ್ತಿವಾದಿಗಳು. ಲೋಕದ ಸಕಲ ದುಃಖಕ್ಕೂ ಫೈರ್‌ವಾಲೇ ಕಾರಣ ಎಂಬುದು ಇವರ ದರ್ಶನ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯಿದೆ ಎಂದು ನೈಯಾಯಿಕರು ಅನುಮಾನಿಸುತ್ತಾರೆ. ಇವರಿಗೆ ಹೊಗೆಯೂ ಬೇಡ. ಖಂಡನೆ ಸುಲಭ: ಒಳಗಿನಿಂದ "ಹೋಗಯ್ಯಾ" ಎಂದು ಬೈದ ದನಿ ಕೇಳಿಸಿದೆ ಎಂದ ಮೇಲೆ ನಡುವೆ ಗೋಡೆಯಿಲ್ಲ ಎಂದೇ ಲೆಕ್ಕ.

ಮೂರನೆಯವರು ಪುನರಾರಂಭವಾದಿಗಳು. "ಒಂದ್ಸಲ ರೀಸ್ಟಾರ್ಟ್ ಮಾಡ್ಬಿಡಿ ಸಾರ್." ಇವರದು ಭಕ್ತಿಮಾರ್ಗ, ತರ್ಕ ಬೇಡುವುದಿಲ್ಲ. ಅಪಾಯ ಮಾತ್ರ ದೊಡ್ಡದು. ಕಾನ್‌ಫಿಗರೇಷನ್ ಕಡತದಲ್ಲಿ ಒಂದಕ್ಷರ ತಪ್ಪಿದ್ದರೆ ಮಲಗಿಸಿದ ಕಾವಲುಗಾರ ಮತ್ತೆ ಏಳುವುದಿಲ್ಲ. ಆಮೇಲೆ ಹೊಸಬನ ಜೊತೆ ಹಳಬರೂ ಬೀದಿಯಲ್ಲಿ. ಆದ್ದರಿಂದ ಆ ಮಾರ್ಗದಲ್ಲಿ ನಡೆಯುವವರು 'ಎಸ್‌ಎಸ್‌ಎಚ್‌ಡಿ ಹೈಫನ್ ಟಿ' ಎಂದು ಒಮ್ಮೆ ಕಡತವನ್ನು ಪರೀಕ್ಷಿಸಿ, ತಾವು ಒಳಗಿರುವ ಇನ್ನೊಂದು ಕಿಟಕಿಯನ್ನು ಮುಚ್ಚದೆ ಇಟ್ಟುಕೊಳ್ಳಬೇಕೆಂಬುದು ಶಿಷ್ಟಾಚಾರ.

ನಾಲ್ಕನೆಯವರು ಸಪ್ತಕತ್ರಯವಾದಿಗಳು. ಇವರ ವಿಷಯ ವಿಸ್ತಾರವಾಗಿ ಹೇಳಬೇಕು.

ಹೊಸಬನಿಗೆ ಮನೆಯೇ ಇಲ್ಲವೆಂಬುದು ಹನ್ನೊಂದು ಗಂಟೆಗೆ ಗೊತ್ತಾಯಿತು. ರೂಟ್ ಅಧಿಕಾರದಿಂದಲೇ ಒಂದು ಮನೆ ಕಟ್ಟಲಾಯಿತು, ಒಳಗೆ '.ಎಸ್‌ಎಸ್‌ಎಚ್' ಎಂಬ ಕೋಣೆ. ಕೋಣೆಯಲ್ಲಿ 'ಆಥರೈಜ್ಡ್ ಕೀಸ್' ಎಂಬ ಕಡತ. ಕಡತದಲ್ಲಿ ಆತನ ಕೀಲಿ, ನಡುವೆ ಎಲ್ಲೂ ಮುರಿಯದ ಒಂದೇ ಉದ್ದದ ಸಾಲಾಗಿ. ಕಡತದ ಮೇಲೆ ಶಾಸ್ತ್ರೋಕ್ತವಾಗಿ 600 ಎಂದು ಅಂಕೆಯೂ ಬಿತ್ತು. ಆದರೆ ಕಟ್ಟಿದವನು ರೂಟ್ ಆದ್ದರಿಂದ ಖಾತೆಯೂ ರೂಟಿನ ಹೆಸರಿಗೇ ಆಯಿತು. ಕಾವಲುಗಾರ ಆ ಕಡತವನ್ನು ಓದುವುದು ಹೊಸಬನ ಪರವಾಗಿ, ಹೊಸಬನ ಅಧಿಕಾರದಲ್ಲಿ. ರೂಟಿನದಾದ 600ರ ಕಡತವನ್ನು ಹೊಸಬ ತೆರೆಯಲಾರ. ಮತ್ತೆ ಅದೇ ಉತ್ತರ.

ಆಗ ಯಾರೋ 'ಸಿಎಚ್‌ಮೋಡ್ 777' ಎಂದು ಹೊಡೆದರು, ಇಡೀ ಮನೆಗೆ. ಓದಲು 4, ಬರೆಯಲು 2, ಹೊಗಲು 1, ಕೂಡಿದರೆ 7. ಮೊದಲ ಏಳು ಒಡೆಯನಿಗೆ, ಎರಡನೆಯದು ಗುಂಪಿಗೆ, ಮೂರನೆಯದು ಊರಿಗೆ. ಸರ್ವರಿಗೂ ಸರ್ವಾಧಿಕಾರ. ಅದು ಹೊಡೆದದ್ದು ಯಾರೆಂಬುದು ವಿವಾದಾಸ್ಪದ. ಪ್ರಸ್ತುತ ಲೇಖಕನೇ ಎಂದು ಕಮಾಂಡ್ ಹಿಸ್ಟರಿ ಹೇಳುತ್ತದೆ. ಆ ಸಾಲು ಪ್ರಕ್ಷಿಪ್ತವಿರಬಹುದು.

ಇಷ್ಟು ಔದಾರ್ಯಕ್ಕೂ ಬಾಗಿಲು ಬಗ್ಗಲಿಲ್ಲ. ಪರ್ಮಿಷನ್ ಡಿನೈಡ್.

5. ಶಾಸನ ವಿಚಾರ

ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಹಂತ: ಕೆಳಗೆ ಕಾಳಗ, ನಡುವೆ ಸ್ವರ್ಗಾರೋಹಣ, ಮೇಲೆ ಶಿವಸಾನ್ನಿಧ್ಯ. ಎಸ್‌ಎಸ್‌ಎಚ್ ಕಮಾಂಡಿಗೂ ಒಂದು, ಎರಡು, ಮೂರು 'ವಿ'ಗಳನ್ನು ಹಚ್ಚಿ ಮೂರು ಹಂತದ ಕಥನ ಪಡೆಯಬಹುದು. ಹೊಸಬ ಮೂರೂ ಹಚ್ಚಿದ. ಪುಟಗಟ್ಟಲೆ ಬಂತು. ಆತನ ಕೀಲಿ ಬಾಗಿಲಿನ ತನಕ ಹೋದದ್ದು, ಅಲ್ಲಿ ಅದನ್ನು ಒಪ್ಪದೇ ಇದ್ದದ್ದು, ತೋರಿಸಲು ಬೇರೇನೂ ಉಳಿಯದೆ ಆತ ಮಡಿದದ್ದು ಎಲ್ಲವೂ ಅಲ್ಲಿತ್ತು. ಕೊಂದವರು ಏಕೆ ಕೊಂದರೆಂಬುದು ಮಾತ್ರ ವೀರಗಲ್ಲಿನಲ್ಲಿ ಇರುವುದಿಲ್ಲ. ಅದು ಗೆದ್ದವರ ಶಾಸನದಲ್ಲಿರುತ್ತದೆ.

ಆ ಶಾಸನ ಸರ್ವರಿನೊಳಗೆ, 'ವಾರ್' ಎಂಬ ಮಂಡಲದ 'ಲಾಗ್' ಎಂಬ ಗ್ರಾಮದಲ್ಲಿ, 'ಆಥ್.ಲಾಗ್' ಎಂಬ ಕಡತದಲ್ಲಿ ದೊರೆಯಿತು. (ರೆಡ್ ಹ್ಯಾಟ್ ಸೀಮೆಯಲ್ಲಿ ಇದನ್ನು 'ಸೆಕ್ಯೂರ್' ಎನ್ನುತ್ತಾರೆ.) ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು ಎಲ್ಲ ಕಂಡರಿಸಿದ್ದರೂ ನಮ್ಮ ಸರ್ವರಿನ ಹಳೆಯ ಶೈಲಿಯಲ್ಲಿ ವರ್ಷ ಹಾಕಿರಲಿಲ್ಲ. ಶಕವರ್ಷ ಕೊಡದ ಶಾಸನಗಳನ್ನು ಲಿಪಿಯ ಆಧಾರದಿಂದ ಕಾಲನಿರ್ಣಯ ಮಾಡುವುದು ರೂಢಿ. ಲೇಖಕ ಮೊಬೈಲ್ ನೋಡಿಕೊಂಡ. 'ಸ್ವಸ್ತಿ ಶ್ರೀ' ಇಲ್ಲ, ಬಿರುದಾವಳಿ ಇಲ್ಲ, ಕೊನೆಗೆ ಶಾಪಾಶಯವೂ ಇಲ್ಲ. ಒಂದೇ ಸಾಲು. ಅದರ ಕನ್ನಡ ಹೀಗೆ: "ದೃಢೀಕರಣ ನಿರಾಕರಿಸಲಾಗಿದೆ: ಹೊಸಬನ ಕೀಲಿಯ ಕಡತದ ಒಡೆತನ ಅಥವಾ ಅನುಮತಿ ಕೆಟ್ಟದಾಗಿದೆ."

ಒಂದೂ ಹತ್ತಕ್ಕೆ ಈ ಸಾಲನ್ನು ಗಟ್ಟಿಯಾಗಿ ಓದಲಾಯಿತು. ಮೂವರು ವಿದ್ವಾಂಸರೂ "ನಾನೂ ಅದೇ ಅಂದ್ಕೊಂಡಿದ್ದೆ" ಎಂದರು.

6. ಸಿದ್ಧಾಂತ

'ಸ್ಟ್ರಿಕ್ಟ್‌ಮೋಡ್ಸ್' ಎಂಬ ನಿಯಮ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಹುಟ್ಟಿನಿಂದಲೇ ಜಾರಿಯಲ್ಲಿರುತ್ತದೆ. ಮನೆಗಾಗಲಿ, ಕೀಲಿಯ ಕೋಣೆಗಾಗಲಿ, ಕಡತಕ್ಕಾಗಲಿ ಗುಂಪಿನವರೋ ಊರವರೋ ಬರೆಯುವ ಹಕ್ಕು ಪಡೆದಿದ್ದರೆ ಅಲ್ಲಿರುವ ಕೀಲಿಯನ್ನು ಅದು ನಂಬುವುದಿಲ್ಲ. ಕಾರಣ ನ್ಯಾಯವಾದದ್ದೇ. ಯಾರು ಬೇಕಾದರೂ ಬರೆಯಬಹುದಾದ ಮನೆಯಲ್ಲಿ ಯಾರು ಬೇಕಾದರೂ ಕೀಲಿಯ ಕೋಣೆಯನ್ನೇ ಎತ್ತಿಟ್ಟು, ತಮ್ಮದೊಂದು ಕೋಣೆ ತಂದಿಟ್ಟು, ಹೊಸಬನ ಹೆಸರಿನಲ್ಲಿ ಒಳಗೆ ಬರಬಹುದು. ಊರಿಗೆಲ್ಲ ತೆರೆದ ಮನೆಗೆ ಯಜಮಾನನಿಗೇ ಪ್ರವೇಶವಿಲ್ಲ. ಮೊದಲು ಲೇಖಕನ ಜಿಪುಣತನದಿಂದ, ಆಮೇಲೆ ಅವನದೇ ಧಾರಾಳತನದಿಂದ ಹುಡುಗ ಹೊರಗುಳಿದ.

ಪರಿಹಾರ: 'ಸಿಎಚ್‌ಓನ್' ಕಮಾಂಡಿನಿಂದ ಮನೆಯ ಖಾತೆಯನ್ನು ಹೊಸಬನ ಹೆಸರಿಗೆ ವರ್ಗಾಯಿಸುವುದು. ಮನೆಗೆ 755, ಕೋಣೆಗೆ 700, ಕಡತಕ್ಕೆ 600. ಖಾತಾ ವರ್ಗಾವಣೆಗೆ ಯಾವ ಕಚೇರಿಯನ್ನೂ ಅಲೆಯಬೇಕಾಗಲಿಲ್ಲ. ಒಂದು ನಿಮಿಷವೂ ಹಿಡಿಯಲಿಲ್ಲ. ಉಳಿದ ಮೂರು ಗಂಟೆ ಇಪ್ಪತ್ತೊಂಬತ್ತು ನಿಮಿಷಗಳನ್ನು ವಿದ್ವತ್ತಿನ ಲೆಕ್ಕಕ್ಕೆ ಬರೆಯತಕ್ಕದ್ದು.

ಫಲಶ್ರುತಿ

ಈ ಪ್ರಬಂಧವನ್ನು ಓದಿದವರಿಗೆ, ಓದಿಸಿದವರಿಗೆ ಲಾಗಿನ್ ಆಗುತ್ತದೆಂಬ ಭರವಸೆಯನ್ನು ಲೇಖಕ ಕೊಡುವುದಿಲ್ಲ. ಸರ್ವರ್ ನೋಡಿಕೊಳ್ಳುವವರಲ್ಲಿ ಒಂದು ವಿನಂತಿ: ಮೊದಲು ಲಾಗ್ ಓದಿ, ಆಮೇಲೆ ವಾದ ಮಾಡಿ, 777 ಅನ್ನು ಕೈಯಿಂದ ಮುಟ್ಟಬೇಡಿ. ಹೊಸದಾಗಿ ಸೇರುವವರಲ್ಲಿ ಇನ್ನೊಂದು: ಎಷ್ಟು ಹೊತ್ತಿಗೆ ಬಾಗಿಲು ತಟ್ಟಿದಿರಿ, ಯಾವ ಹೆಸರು ಹೇಳಿದಿರಿ, ಪರದೆಯ ಮೇಲೆ ಬಂದ ಸಾಲು ಯಾವುದು, ಈ ಮೂರನ್ನು ಕಂಸ ಸಮೇತ ಬರೆದು ಕಳಿಸಿ. ಬರೀ "ಸಾರ್, ಆಗ್ತಿಲ್ಲ" ಎಂದರೆ ಲಾಗ್‌ನಲ್ಲಿ ಹುಡುಕಲು ಅಂಥ ಪದವಿಲ್ಲ.