ಎಂಬತ್ತರ ಆಚೆಯ ಕಾಯಿಲೆ

ನಮ್ಮ ಕಾರಿಗೆ ಬಂದ ಕಾಯಿಲೆ ಗಂಟೆಗೆ 80 ಕಿಲೋಮೀಟರಿನ ವೇಗ ಮುಟ್ಟುವತನಕ ಕಾಣಿಸಿಕೊಳ್ಳುತ್ತಿರಲಿಲ್ಲ. ಬೆಂಗಳೂರಿನಲ್ಲಿ ಇಂಥ ಕಾಯಿಲೆಯನ್ನು ಯಾರಿಗೆ ತೋರಿಸುವುದು, ಎಲ್ಲಿ ತೋರಿಸುವುದು? ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ‘ನನ್ನ ಗಾಡಿ ಎಂಬತ್ತರ ಮೇಲೆ ಏಳ್ತಿಲ್ಲ’ ಎಂದು ಅಳಲು ತೋಡಿಕೊಂಡರೆ, ಪಕ್ಕದ ಆಟೋದವನು ‘ನಮ್ದು ಎಂಟರ ಮೇಲೇ ಏಳ್ತಿಲ್ಲ, ಸುಮ್ನಿರಿ ಸಾರ್’ ಎನ್ನದೆ ಬಿಟ್ಟಾನೆಯೇ?

ಊರೊಳಗೆ ಗಾಡಿಯ ನಡತೆಯ ಬಗ್ಗೆ ದೂರೇ ಇಲ್ಲ. ಕೀ ತಿರುಗಿಸಿದರೆ ಸ್ಟಾರ್ಟು, ಗೇರು ಬೆಣ್ಣೆ. ನೆಲಮಂಗಲ ದಾಟಿ, ಟೋಲು ಕಟ್ಟಿ, ಮುಂದೆ ರಸ್ತೆ ಖಾಲಿ ಸಿಕ್ಕಿತೆಂದು ಐದನೇ ಗೇರಿಗೆ ಹಾಕಿ ಅದುಮಿದಾಗಲೇ ಅದರ ಬಂಡವಾಳ ಬಯಲಾಗುತ್ತಿದ್ದುದು. ಎಪ್ಪತ್ತು, ಎಪ್ಪತ್ತೈದು, ಎಂಬತ್ತು. ಅಲ್ಲಿಗೆ ಮುಳ್ಳು ನಿಂತಿತು. ಪೆಡಲ್ಲು ನೆಲಕ್ಕೆ ತಾಗಿದೆ, ಇಂಜಿನ್ನು ಮಾತ್ರ ಸಂಬಂಧವಿಲ್ಲದವರ ಹಾಗೆ ಗೊಣಗುತ್ತಿದೆ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಕಪ್ಪು ಹೊಗೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹೆದ್ದಾರಿಗಳಲ್ಲಿ ಕಾರುಗಳ ಗರಿಷ್ಠ ವೇಗವನ್ನು 100 ಎಂದು ನಿಗದಿಪಡಿಸಿತು. ನಮ್ಮ ಕಾರು ತನ್ನದೇ ಗೆಜೆಟ್ ಹೊರಡಿಸಿಕೊಂಡು ಅದನ್ನು 80ಕ್ಕೆ ಇಳಿಸಿತ್ತು. ಮೆಕ್ಕೆಜೋಳದ ಮೂಟೆ ಹೇರಿಕೊಂಡ ಲಾರಿಯೊಂದು ಬಲಗಡೆಯಿಂದ ಸಾವಕಾಶವಾಗಿ ನಮ್ಮನ್ನು ದಾಟುವಾಗ ಅದರ ಕ್ಲೀನರು ಕಿಟಕಿಯಿಂದ ಬಗ್ಗಿ ನೋಡಿದ ನೋಟದಲ್ಲಿ ತಾತ್ಸಾರವಿದ್ದಿದ್ದರೆ ಸಹಿಸಬಹುದಿತ್ತು. ಇದ್ದದ್ದು ಕನಿಕರ.

ಸರ್ವಿಸ್ ಸ್ಟೇಷನ್ನಿಗೆ ಬಿಟ್ಟೆ. ಅಲ್ಲಿಯ ಹುಡುಗ ಟೆಸ್ಟ್ ಡ್ರೈವಿಗೆಂದು ಬಡಾವಣೆಯೊಳಗೆ ಒಂದು ಸುತ್ತು ಹಾಕಿಸಿದ. ಉಬ್ಬಿನಿಂದ ಉಬ್ಬಿಗೆ ಕುಪ್ಪಳಿಸುತ್ತ ನಲವತ್ತು ಮುಟ್ಟಿದ್ದೇ ಹೆಚ್ಚು. ಕಾರಂತೂ ಇನ್‌ಸ್ಪೆಕ್ಟರು ಬಂದ ದಿನದ ಸರ್ಕಾರಿ ಶಾಲೆಯಂತೆ ನಡೆದುಕೊಂಡಿತು. ‘ಸರ್, ಗಾಡಿ ಸೂಪರ್ ಆಗಿದೆ’ ಎಂದ. ಹೆದ್ದಾರಿಗೆ ಹೋಗೋಣ ಬಾರಯ್ಯ ಎಂದರೆ ಗೇಟ್ ಪಾಸಿನಲ್ಲಿ ಅಷ್ಟು ದೂರಕ್ಕೆ ಪರ್ಮಿಷನ್ ಇಲ್ಲವಂತೆ. ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿ, ‘ಕಂಪ್ಯೂಟರಲ್ಲೂ ಏನೂ ತೋರಿಸ್ತಿಲ್ಲ’ ಎಂದು ಕೈತೊಳೆದುಕೊಂಡ. ಸೆನ್ಸಾರುಗಳೇನೋ ಸದಾ ವರದಿ ಒಪ್ಪಿಸುತ್ತಲೇ ಇರುತ್ತವೆ. ಕಂಪ್ಯೂಟರಾದರೋ ತೊಂದರೆ ಗೊತ್ತುಮಾಡಿದ ಮಿತಿ ಮೀರುವತನಕ ಅದನ್ನು ಬರೆದಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಕೋಡ್ ಇಲ್ಲ, ಕೋಡ್ ಇಲ್ಲದ್ದರಿಂದ ಕಾಯಿಲೆಯೂ ಇಲ್ಲ. ಬಿಲ್ಲು ಮಾತ್ರ ಇತ್ತು.

ಇದು ಎಂಬತ್ತಕ್ಕೇ ಯಾಕೆ ಕೈಕೊಡಬೇಕು ಎಂದು ನನಗೂ ಯೋಚನೆಯಾಗಿತ್ತು. ವೇಗ ಎರಡರಷ್ಟಾದರೆ ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ಎಂಟರಷ್ಟಾಗುತ್ತದೆ. ಐವತ್ತರಲ್ಲಿ ಹೋಗುವಾಗ ಇಂಜಿನ್ನಿಗೆ ತನ್ನ ತಾಕತ್ತಿನ ಸಣ್ಣದೊಂದು ಪಾಲು ಸಾಕು. ಉಳಿದದ್ದು ಇದೆಯೋ ಸೋರಿಹೋಗಿದೆಯೋ ಯಾರೂ ಕೇಳುವುದಿಲ್ಲ. ಕೇಳುವುದು ಹೆದ್ದಾರಿ ಮಾತ್ರ.

ಕಾರು ಎಳೆಯುತ್ತಿಲ್ಲ ಎಂದು ಒಬ್ಬರ ಕಿವಿಯಲ್ಲಿ ಹೇಳಿದರೆ ಸಾಕು, ಉಳಿದವರು ತಾವಾಗಿಯೇ ಬರುತ್ತಾರೆ. ಅವರಿಗೆ ನಮ್ಮ ಕಾರು ನೋಡುವ ಅಗತ್ಯ ಬೀಳುವುದಿಲ್ಲ, ಅವರವರ ಕಾರಿಗೆ ಹಿಂದೆ ಏನಾಗಿತ್ತೋ ಅದೇ ನಮ್ಮದಕ್ಕೂ ಆಗಿರುತ್ತದೆ. ಮೇಲಿನ ಮನೆಯ ನಿವೃತ್ತ ಮ್ಯಾನೇಜರು ಏರ್ ಫಿಲ್ಟರ್ ಎಂದರು. ಬಿಚ್ಚಿದರೆ ಒಳಗೆ ಕಡಲೆಕಾಯಿ ಸಿಪ್ಪೆ, ಒಂದಿಷ್ಟು ಹತ್ತಿ, ಇಲಿಯ ಹಿಕ್ಕೆ. ಇಲಿ ಸಂಸಾರವನ್ನು ಎಬ್ಬಿಸಿ ಹೊಸ ಫಿಲ್ಟರ್ ಹಾಕಿಸಿದೆ. ಮ್ಯಾನೇಜರು ಗೆದ್ದರು, ಕಾರು ಮಾತ್ರ ಎಂಬತ್ತು ದಾಟಲಿಲ್ಲ. ಚಿಕ್ಕಪ್ಪನ ಮಗ, ಇದು ಕಲಬೆರಕೆ ಡೀಸೆಲ್ಲಿನ ಕರಾಮತ್ತು ಎಂದ. ಡೀಸೆಲ್ ಫಿಲ್ಟರಿನ ತಳದ ತಿರುಪು ಸಡಿಲಿಸಿ ಅಲ್ಲಿ ನಿಂತಿದ್ದ ನೀರು ಬಸಿದು, ಕೊನೆಗೆ ಫಿಲ್ಟರನ್ನೇ ಬದಲಾಯಿಸಿದ್ದಾಯಿತು. ಆಗಲೂ ಎಂಬತ್ತೇ. ಆಫೀಸಿನ ಗೆಳೆಯರು ಕ್ಲಚ್ ಪ್ಲೇಟು ಎಂದು ಪಂಥ ಕಟ್ಟಿದರು. ಕ್ಲಚ್ಚು ಸವೆದಿದ್ದರೆ ಆರ್‌ಪಿಎಂ ಮುಳ್ಳು ಮೇಲೇರುತ್ತದೆ, ವೇಗ ಏರುವುದಿಲ್ಲ. ನಮ್ಮಲ್ಲಿ ಎರಡೂ ಒಂದೇ ಕಡೆ ಜೊತೆಯಾಗಿ ಧರಣಿ ಕೂರುತ್ತಿದ್ದವು, ಆದ್ದರಿಂದ ಕ್ಲಚ್ಚು ಖುಲಾಸೆ. ಬ್ರೇಕು ಹಿಡಿದುಕೊಂಡಿರಬಹುದು, ಹಾಗಾಗಿದ್ದರೆ ಆ ಒಂದು ಚಕ್ರ ಮಿಕ್ಕವಕ್ಕಿಂತ ಬಿಸಿಯಾಗಿರುತ್ತದೆ ಎಂದು ಇನ್ನೊಬ್ಬರು. ಒಂದು ಭಾನುವಾರ ಊರಾಚೆ ಹೋಗಿಬಂದವನೇ ಅಪಾರ್ಟ್‌ಮೆಂಟಿನ ಕೆಳಗೆ ನಿಂತು ನಾಲ್ಕೂ ಚಕ್ರಗಳ ಹಣೆ ಮುಟ್ಟಿ ನೋಡಿದೆ. ಸೆಕ್ಯುರಿಟಿಯವನು ಸ್ವಲ್ಪ ಹೊತ್ತು ನೋಡಿ, ಎದ್ದು ಬಂದು, ಏನೂ ಕೇಳದೆ ವಾಪಸು ಹೋದ. ನಾಲ್ಕೂ ಒಂದೇ ಬಿಸಿ.

ಅತ್ತೆಯವರು ಸೆನ್ಸಾರು ಗಿನ್ಸಾರು ಎನ್ನಲಿಲ್ಲ. ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಎಂದರು. ಅಷ್ಟರವರೆಗಿನ ಎಲ್ಲ ರಿಪೇರಿಗಳಿಗಿಂತ ಇದು ಅಗ್ಗವಾಗಿತ್ತು, ಮಿಕ್ಕಿದ್ದರಲ್ಲಿ ಪಾನಕವೂ ಆಯಿತು.

ಚಿತ್ರದುರ್ಗದ ಭಾವನದು ಮಾತ್ರ ಬೇರೆಯೇ ಸಿದ್ಧಾಂತ. ‘ಕಾರಿಗೇನೂ ಆಗಿಲ್ಲ ಕಣೋ. ಹಿರಿಯೂರು ದಾಟಿದ ಮೇಲೆ ಎದುರುಗಾಳಿ ಹೆಂಗಿರುತ್ತೆ ಗೊತ್ತಾ ನಿಂಗೆ? ನಮ್ಮ ಗುಡ್ಡದ ಮೇಲೆ ಅಷ್ಟು ಫ್ಯಾನು ಸುಮ್ನೆ ನೆಟ್ಟಿದಾರಾ?’ ಗಾಳಿ ವಿಷಯದಲ್ಲಿ ಚಿತ್ರದುರ್ಗದವರ ಜೊತೆ ವಾದಿಸಬಾರದು. ಆದರೆ ದಾಬಸ್‌ಪೇಟೆಯಲ್ಲೇ ಯಾಕೆ ನಿಲ್ಲುತ್ತೆ ಎಂದು ಕೇಳಿದ್ದಕ್ಕೆ, ‘ಅಲ್ಲೀವರೆಗೂ ಬರುತ್ತೆ ನಮ್ಮ ಗಾಳಿ’ ಎಂದುಬಿಟ್ಟರು.

ಈ ಕಾಯಿಲೆಯಿಂದ ಸಂತೋಷಪಟ್ಟ ಜೀವ ಒಂದೇ, ನನ್ನ ಹೆಂಡತಿ. ಮದುವೆಯಾದಾಗಿನಿಂದ ‘ನಿಧಾನ, ನಿಧಾನ’ ಎಂದು ಬೇಡಿಕೊಂಡಿದ್ದನ್ನು ಕಾರು ತಾನೇ ಜಾರಿಗೆ ತಂದಿತ್ತು. ‘ಹೀಗೇ ಚೆನ್ನಾಗಿದೆ. ಮಾತಾಡಿದ್ದು ಕೇಳಿಸುತ್ತೆ, ಈರುಳ್ಳಿ ಹೊಲ ಕಾಣುತ್ತೆ’ ಎನ್ನುತ್ತಿದ್ದಳು.

ದಾವಣಗೆರೆಯಲ್ಲಿ ಮದುವೆಯೊಂದಿತ್ತು. ಶಿರಾ ದಾಟಿದ ಮೇಲೆ ಕಾರು ಎಂಬತ್ತನ್ನೂ ಬಿಟ್ಟು ಅರವತ್ತಕ್ಕೆ ಇಳಿಯಿತು. ಮುಹೂರ್ತ ತಪ್ಪುವುದಂತೂ ಖಂಡಿತವಾಗಿತ್ತು, ಊಟವನ್ನಾದರೂ ಉಳಿಸಿಕೊಳ್ಳೋಣವೆಂದು ರಸ್ತೆ ಪಕ್ಕದ ಲಾರಿ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಮೇಸ್ತ್ರಿ ಹಳೆ ಟಯರಿನ ಮೇಲೆ ಕೂತು ಟೀ ಕುಡಿಯುತ್ತಿದ್ದ. ಬಾನೆಟ್ ಎತ್ತಲು ಹೋದರೆ ‘ಇರಿ ಸಾರ್’ ಎಂದು ತಡೆದ.

‘ಹೊಗೆ ಯಾವ ಬಣ್ಣ?’

‘ಕಪ್ಪು.’

‘ಏರುದಾರೀಲಿ ಜಾಸ್ತೀನಾ?’

‘ಹೂಂ.’

‘ಅದುಮಿದಾಗ ಬುಸ್ ಅಂತ ಸೌಂಡು?’

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಉತ್ತರ ಬಂತು. ‘ಬರುತ್ತೆ ಅಣ್ಣಾ, ಇವರು ಹಾಡು ಆಫ್ ಮಾಡಿದ್ರೆ ಕೇಳಿಸುತ್ತೆ.’

ಮೇಸ್ತ್ರಿ ಲೋಟ ಕೆಳಗಿಟ್ಟ. ಹುಡುಗನನ್ನು ಸೀಟಿಗೆ ಕೂರಿಸಿ ರೇಸ್ ಮಾಡಲು ಹೇಳಿ, ಟರ್ಬೊದಿಂದ ಬರುವ ದಪ್ಪ ರಬ್ಬರ್ ಪೈಪನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಅಂಗೈಯನ್ನು ಅದರ ಹೊಟ್ಟೆಯಡಿ ಮೆಲ್ಲಗೆ ಸರಿಸುತ್ತ ಹೋದ. ಕ್ಲಿಪ್ಪಿನ ಹತ್ತಿರ ಕೈ ನಿಂತಿತು. ಹೊರಗೆ ತೆಗೆದಾಗ ಬೆರಳ ತುದಿಯಲ್ಲಿ ಕರಿ ಎಣ್ಣೆಯ ಪಸೆ. ನನ್ನ ಕೈಯನ್ನೂ ಎಳೆದು ಅಲ್ಲಿಡಿಸಿದ. ಹುಡುಗ ಅದುಮಿದಾಗೆಲ್ಲ ಬಿಸಿಗಾಳಿ ಅಂಗೈಗೆ ಬಡಿಯುತ್ತಿತ್ತು. ಕಾಲು ತೆಗೆದರೆ ಏನೂ ಇಲ್ಲ. ಒಂದು ಗೆಣ್ಣಿನಷ್ಟುದ್ದದ ಸೀಳು, ಸುಮ್ಮನಿದ್ದಾಗ ತುಟಿ ಮುಚ್ಚಿಕೊಂಡು ಕಣ್ಣಿಗೇ ಕಾಣದ ಹಾಗೆ ಕೂತಿತ್ತು.

ಟರ್ಬೊ ಎಂದರೆ ಹೊರಹೋಗುವ ಹೊಗೆಯ ರಭಸಕ್ಕೇ ತಿರುಗುವ ಒಂದು ಪುಟ್ಟ ಚಕ್ರ. ಭರದಲ್ಲಿದ್ದಾಗ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುತ್ತ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಊರೊಳಗೆ ಆ ಒತ್ತಡವೇ ಹುಟ್ಟುವುದಿಲ್ಲ, ಸೀಳೂ ಬಾಯಿ ಬಿಡುವುದಿಲ್ಲ. ಹೆದ್ದಾರಿಯಲ್ಲಿ ಅದುಮಿದೊಡನೆ ಗಾಳಿ ಅಲ್ಲಿಂದ ಪರಾರಿ. ಬಂದ ಡೀಸೆಲ್ಲು ಉರಿಯಲು ಗಾಳಿ ಸಾಲದೆ ಕಪ್ಪು ಹೊಗೆಯಾಗಿ ಹಿಂದಿನವರ ಮುಖಕ್ಕೆ.

ಹೊಸ ಪೈಪು ಬೆಂಗಳೂರಿನಲ್ಲೇ ಸಿಗಬೇಕು, ಅಲ್ಲೀವರೆಗೆ ಇದು ಸಾಕು ಎಂದು ಮೇಸ್ತ್ರಿ ಹಳೇ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಹಲ್ಲಲ್ಲಿ ಒಂದು ತುದಿ ಕಚ್ಚಿ ಹಿಡಿದು, ಎಳೆದೆಳೆದು ಸುತ್ತತೊಡಗಿದ. ಆ ಹೊತ್ತಿಗೆ ಸರಿಯಾಗಿ ಮದುವೆ ಮನೆಯಿಂದ ಭಾವನ ಫೋನು. ವಿಷಯ ಹೇಳಿದೆ. ‘ನಾನ್ ಬಡ್ಕೊಂಡಿದ್ದೇನು ಮತ್ತೆ? ಗಾಳೀದೇ ಪ್ರಾಬ್ಲಮ್ಮು ಅಂತ!’ ಎಂದು ಪಕ್ಕದಲ್ಲಿದ್ದ ಯಾರಿಗೋ ಕೇಳಿಸುವಂತೆ ಕೂಗಿದರು.

ಮೇಸ್ತ್ರಿ ಟ್ಯೂಬಿನ ಮೇಲೆ ಕ್ಲಿಪ್ಪು ಕೂರಿಸಿ ಸ್ಕ್ರೂಡ್ರೈವರಿಗೆ ಕೈ ಚಾಚಿದ. ನಾನು ಪರ್ಸು ತೆಗೆಯಲು ಕಾರಿನ ಆ ಕಡೆಗೆ ಹೋಗಿದ್ದೆ. ಬಾನೆಟ್ಟಿನ ಮರೆಯಲ್ಲಿ ನನ್ನ ಹೆಂಡತಿ ತಗ್ಗಿದ ದನಿಯಲ್ಲಿ ಅವನಿಗೆ ಹೇಳುತ್ತಿದ್ದಳು: ‘ಅಣ್ಣಾ, ಪೂರ್ತಿ ಬಿಗೀಬೇಡಿ. ತೊಂಬತ್ತಕ್ಕೆ ನಿಲ್ಲೋ ಹಾಗೆ ಒಂಚೂರು ಸಡಿಲ ಬಿಟ್ಟಿರಿ.’